ಮೂರನೇ ಸಲವೂ ಗರ್ಭ ನಿಲ್ಲದಿದ್ದಾಗ
ಮೂರನೇ ಸಲವೂ ಗರ್ಭ ನಿಲ್ಲಲಿಲ್ಲ, ಮನೆಯವರು 'ನೀನು ಭಾರ ಎತ್ತಿದ್ದಕ್ಕೇ ಹೀಗಾಯ್ತು' ಅಂತಾರೆ, ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ಕೇಳಿದ್ದೀರಿ. ದಯವಿಟ್ಟು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ ಎಳೆ) ದೋಷವೇ ಕಾರಣ. ಕೊಡ ಎತ್ತಿದ್ದಲ್ಲ.

ಅಳು ಬಂದರೆ ಅತ್ತುಬಿಡಿ. ಸೀಮಂತ, ನಾಮಕರಣಕ್ಕೆ ಕರೆದರೆ ಹೋಗಲೇಬೇಕು ಅಂತೇನಿಲ್ಲ. 'ಹುಷಾರಿಲ್ಲ' ಅಂದರೆ ಸಾಕು. ನಿಮ್ಮ ಯಜಮಾನರೂ ಒಳಗೊಳಗೇ ನೋಯುತ್ತಿರಬಹುದು. ಗಂಡಸರು ಹೇಳಿಕೊಳ್ಳುವುದು ಕಡಿಮೆ ಅಲ್ವಾ? ಕೌನ್ಸೆಲಿಂಗ್‌ಗೆ ಇಬ್ಬರೂ ಹೋಗಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರ ಮನಸ್ಸಿನ ತೊಂದರೆ ನೋಡುವವರೇ ಬೇರೆ ಇದ್ದಾರೆ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಕಾಯಬೇಡಿ, ಆಗಲೇ ಫೋನ್ ಮಾಡಿ.