ರಾಚ್‌ಡೇಲ್‌ನ ಅಂಗಡಿಗಳನ್ನು ಮುಚ್ಚಿಸಿದ್ದು ಯಾರು?

ಓದುಗರ ಪತ್ರ

ಕಳೆದ ಸಂಚಿಕೆಯಲ್ಲಿ ಮ್ಯಾಂಚೆಸ್ಟರ್ ಸುತ್ತಮುತ್ತಲಿನ ಪ್ರವಾಸ ಲೇಖನ ಓದಿದೆ. ರಾಚ್‌ಡೇಲ್‌ನ ಹೊಸ ಶಾಪಿಂಗ್ ಕಾಂಪ್ಲೆಕ್ಸನ್ನು ಬಾಯ್ತುಂಬ ಹೊಗಳಿದ್ದೀರಿ. ನಾನು ಮದುವೆಯಾಗಿ ಧಾರವಾಡದಿಂದ ಆ ಊರಿಗೆ ಬಂದದ್ದು 1974ರ ಫೆಬ್ರುವರಿಯಲ್ಲಿ. ನಮ್ಮ ಯಜಮಾನರು ಇಲ್ಲಿ ಡಾಕ್ಟರಾಗಿದ್ದರು. ಆಗ ನಾನು ಹೋಗುತ್ತಿದ್ದ ಒಂದು ಅಂಗಡಿಯೂ ಈಗ ಉಳಿದಿಲ್ಲ. ಚೀಸ್ ಕತ್ತರಿಸಿ ಕೊಡುತ್ತಿದ್ದ ಕಿರಾಣಿ ಅಂಗಡಿ, ಮೊಳೆಯನ್ನು ಎಣಿಸಿ ಕೊಡುತ್ತಿದ್ದ ಹಾರ್ಡ್‌ವೇರ್ ಅಂಗಡಿ, ಉಲ್ಲನ್ ಅಂಗಡಿ, ಎಲ್ಲ ಹೋದವು. "ವಯಸ್ಸಾದವರಿಗೆಲ್ಲ ಹಳೇದೇ ಚಂದ" ಅಂತ ಮಕ್ಕಳು ನಗುತ್ತಾರೆ. ಇದು ಬರೀ ವಯಸ್ಸಿನ ಮಾತೇ? ಅವನ್ನು ಮುಚ್ಚಿಸಿದ್ದು ಯಾರು?

– ಹೆಸರು ಹಾಕಬೇಡಿ ಎಂದ ಓದುಗರು, ರಾಚ್‌ಡೇಲ್

ಸಂಪಾದಕರ ಉತ್ತರ

ಅಕ್ಕಾವ್ರೇ, ನಮಸ್ಕಾರ.

ನಿಮ್ಮ ಉದ್ದನೆಯ ಪತ್ರವನ್ನು ಇಷ್ಟಕ್ಕೆ ಇಳಿಸಿದ್ದಕ್ಕೆ ಬೈಯಬೇಡಿ, ಜಾಗದ ತಾಪತ್ರಯ. ಬಿಟ್ಟ ಭಾಗದಲ್ಲೇ ಒಳ್ಳೆಯ ಸಂಗತಿಗಳು ಜಾಸ್ತಿ ಇದ್ದವು. ಅವನ್ನು ಉತ್ತರದ ನೆಪದಲ್ಲಿ ಓದುಗರ ಮುಂದಿಡುತ್ತೇನೆ.

ಮೊದಲು ಮಕ್ಕಳ ಮಾತು. ವಯಸ್ಸಿನ ಪಾಲು ಇದ್ದೇ ಇರುತ್ತದೆ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಸುಮ್ನೆ ಪ್ರಾಯದ ದಿನ ನೆನೆದು ಕೊರಗುವವರಿಗೆ ಚೀಸ್ ಕತ್ತರಿಸುವ ತಂತಿ ನೆನಪಿರುವುದಿಲ್ಲ. ನಿಮಗೆ ನೆನಪಿದೆ. ಆ ಅಂಗಡಿಯ ಕಟ್ಟೆಯ ಮೇಲೆ ಹಂದಿ ಮಾಂಸ ಹೆಚ್ಚುವ ಯಂತ್ರವೂ ಇತ್ತು. ನೀವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ಅಂಗಡಿಯವರು ನಿಮ್ಮ ಚೀಸಿಗೆಂದೇ ಬೇರೆ ಹಲಗೆ, ಬೇರೆ ತಂತಿ ಇಟ್ಟರು. ಎರಡು ಕೈಯಲ್ಲಿ ತಂತಿ ಹಿಡಿದು ಚೀಸಿನ ಗಡ್ಡೆಗೆ ಒತ್ತಿ, ಕತ್ತರಿಸುವ ಮುಂಚೆ "ಇಷ್ಟು ಸಾಕಾ?" ಅಂತ ನಿಮ್ಮ ಮುಖ ನೋಡುತ್ತಿದ್ದರು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಕಾಗದದ ಮೇಲೇ ದುಡ್ಡು ಬರೆಯುತ್ತಿದ್ದರು. ಯಾಕೆ, ಏನು ಅಂತ ಎಂದೂ ಕೇಳಲಿಲ್ಲ. ಬಹಳ ದಿನ ಆದ ಮೇಲೆ ಒಮ್ಮೆ ಮಾತ್ರ, ಯಾರಿಗೂ ಕೇಳಿಸದ ಹಾಗೆ, "ಮೊಟ್ಟೆ ನಡೆಯುತ್ತಾ?" ಅಂದರಂತೆ.

ಇದನ್ನು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ನನಗೆ ಹೊಳೆಯಿತು, ಈಗಿನ ಸೂಪರ್‌ಮಾರ್ಕೆಟ್‌ನಲ್ಲಿ ಸಸ್ಯಾಹಾರಿ ಚೀಸ್ ಅಂತ ಲೇಬಲ್ ಹಚ್ಚಿದ ಪೊಟ್ಟಣಗಳೇ ಸಾಲಾಗಿ ಇರುತ್ತವೆ. ಅನುಕೂಲ ಹೆಚ್ಚಾಯಿತು. ಆದರೆ ನಿಮಗೋಸ್ಕರ ಒಂದು ತಂತಿ ಎತ್ತಿಡುವವರು ಇಲ್ಲ. ನಿಮ್ಮ ಬೇಸರ ಇರುವುದು ಇಲ್ಲಿ, ಅಲ್ವಾ?

ಇನ್ನು ಮುಚ್ಚಿಸಿದ್ದು ಯಾರು ಅನ್ನುವ ಪ್ರಶ್ನೆ. ನೀವು ಸೂಪರ್‌ಮಾರ್ಕೆಟ್ ಕಡೆ ಬೆರಳು ತೋರಿಸಿದ್ದೀರಿ. ನಾನು ಅದರ ಹಿಂದೆ ನಿಂತ ಒಂದು ಕಾಯ್ದೆಯನ್ನು ತೋರಿಸುತ್ತೇನೆ. ಬ್ರಿಟನ್ನಿನಲ್ಲಿ ಬಹಳ ಸಾಮಾನುಗಳಿಗೆ ತಯಾರಿಸುವ ಕಂಪನಿಯೇ ಮಾರಾಟದ ಬೆಲೆ ಕಟ್ಟುತ್ತಿತ್ತು. ಅದಕ್ಕಿಂತ ಕಡಿಮೆಗೆ ಮಾರುವ ಹಾಗಿರಲಿಲ್ಲ. ಹಾಗಾಗಿ ಮೂಲೆ ಅಂಗಡಿಯಲ್ಲೂ ಅದೇ ರೇಟು, ದೊಡ್ಡ ಅಂಗಡಿಯಲ್ಲೂ ಅದೇ ರೇಟು. ಹತ್ತಿರ ಇದ್ದವರ ಹತ್ತಿರ ಜನ ಕೊಳ್ಳುತ್ತಿದ್ದರು. 1964ರ ಕಾಯ್ದೆ ಈ ಕಟ್ಟನ್ನು ಬಿಚ್ಚಿತು. ಅದನ್ನು ತಂದವರು ಮುಂದೆ ಪ್ರಧಾನಿಯಾದ ಎಡ್ವರ್ಡ್ ಹೀತ್. ಅಂಗಡಿಕಾರರ ಪಕ್ಷ ಅನ್ನಿಸಿಕೊಂಡಿದ್ದ ಕನ್ಸರ್ವೇಟಿವ್ ಪಕ್ಷದೊಳಗೇ ಆಗ ದೊಡ್ಡ ಗಲಾಟೆ ಆಯಿತು. ತಿನ್ನುವ ಸಾಮಾನಿನಲ್ಲಿ ಕಟ್ಟು ಅಷ್ಟರಲ್ಲೇ ಸಡಿಲವಾಗಿತ್ತು, ಉಳಿದದ್ದರಲ್ಲೂ ಈಗ ದೊಡ್ಡವರು ಬೆಲೆ ಇಳಿಸಿದರು. ಸಣ್ಣವರಿಗೆ ಅಷ್ಟು ಇಳಿಸಲು ಆಗಲಿಲ್ಲ. ಅಂದರೆ ನೀವು ಬಂದಾಗ ನೋಡಿದ್ದು ತುಂಬಿದ ಪೇಟೆಯಲ್ಲ, ಆಗಲೇ ಇಳಿಮುಖ ಹಿಡಿದ ಪೇಟೆ.

ಜೊತೆಗೆ ಗಿರಾಕಿಗಳ ಮನೆಗಳೇ ಹೋದವು. ಹಳೆಯ ಸಾಲುಮನೆಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟಿದ ಕಾಲ ಅದು. ನಿಮ್ಮೂರಿನ ಜನ 'ಸೆವೆನ್ ಸಿಸ್ಟರ್ಸ್' ಅಂತ ಕರೆಯುವ ಕಾಲೇಜ್ ಬ್ಯಾಂಕಿನ ಏಳು ಗೋಪುರಗಳು 1960ರ ದಶಕದವು. ಓಣಿಯೇ ಇಲ್ಲದ ಮೇಲೆ ಓಣಿ ಮೂಲೆಯ ಅಂಗಡಿ ಎಲ್ಲಿ ನಿಲ್ಲಬೇಕು? ಮನೆಗೆ ಫ್ರಿಜ್ ಬಂತು, ದಿನಾ ಅಂಗಡಿಗೆ ಹೋಗುವುದು ತಪ್ಪಿತು. ಕಾರು ಬಂತು, ದೂರ ಹತ್ತಿರವಾಯಿತು. 1998ರಲ್ಲಿ ಮ್ಯಾಂಚೆಸ್ಟರ್ ಪಕ್ಕ ಟ್ರಾಫರ್ಡ್ ಸೆಂಟರ್ ತೆರೆದಾಗ ರಾಚ್‌ಡೇಲ್, ಓಲ್ಡಮ್, ಬ್ಯೂರಿ ಊರುಗಳ ಶನಿವಾರದ ವ್ಯಾಪಾರದಲ್ಲಿ ಒಂದು ಪಾಲು ಆ ಕಡೆ ವಾಲಿತು. ಎಲ್ಲಕ್ಕಿಂತ ಮುಖ್ಯವಾಗಿ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಸಂಬಳದ ಕವರು ಬರದ ಊರಿನಲ್ಲಿ ಯಾವ ಅಂಗಡಿಯೂ ಬಾಳುವುದಿಲ್ಲ. ಈಗಂತೂ ಬ್ರಿಟನ್ನಿನ ಚಿಲ್ಲರೆ ವ್ಯಾಪಾರದಲ್ಲಿ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ ಆನ್‌ಲೈನಿನಲ್ಲೇ ಮುಗಿಯುತ್ತದೆ.

ದೊಡ್ಡವರೂ ಉಳಿಯಲಿಲ್ಲ ನೋಡಿ. ವುಲ್ವರ್ತ್ಸ್‌ನ ಕೊನೆಯ ಅಂಗಡಿಗಳು 2009ರ ಜನವರಿ 6ರಂದು ಬಾಗಿಲು ಹಾಕಿದವು. ಎಂಟುನೂರಕ್ಕೂ ಮೇಲ್ಪಟ್ಟು ಅಂಗಡಿ, 27,000 ಜನರ ಕೆಲಸ. ಅಲ್ಲಿ ಮಿಠಾಯಿಯನ್ನು ಮಕ್ಕಳೇ ಚೀಲಕ್ಕೆ ತುಂಬಿಕೊಂಡು ತೂಕಕ್ಕೆ ದುಡ್ಡು ಕೊಡುತ್ತಿದ್ದರು. ನಿಮ್ಮ ಮಕ್ಕಳನ್ನು ಅದರ ಬಗ್ಗೆ ಒಮ್ಮೆ ಕೇಳಿ. ಹಳೇದೇ ಚಂದ ಅನ್ನುವುದು ಅವರ ಬಾಯಲ್ಲೂ ಬರುತ್ತದೆ.

ಇಲ್ಲಿ ನಾನೊಂದು ತಕರಾರು ತೆಗೆಯಬೇಕು. "ಹಳೆ ಅಂಗಡಿಯನ್ನು ಹೊಸದು ನುಂಗಿತು" ಅಂತ ಬರೆದಿದ್ದೀರಿ. ಸರಿ. ಆದರೆ ನಿಮ್ಮೂರಿನಲ್ಲಿ ಈ ನುಂಗಾಟದ ಕಥೆ ನಿಮಗಿಂತ ಬಹಳ ಹಳೆಯದು. 1844ರ ಡಿಸೆಂಬರ್ 21ರ ರಾತ್ರಿ ಟೋಡ್ ಲೇನ್‌ನಲ್ಲಿ ಕೆಲವು ನೇಕಾರರು, ಕುಶಲಕರ್ಮಿಗಳು ಸೇರಿ ಒಂದು ಅಂಗಡಿ ತೆರೆದರು. ಬಂಡವಾಳ 28 ಪೌಂಡ್. ಅದನ್ನೂ ವಾರಕ್ಕೆ ಎರಡು, ಮೂರು ಪೆನ್ಸಿನಂತೆ ಕೂಡಿಹಾಕಿದ್ದು. ಮಾರಾಟಕ್ಕಿದ್ದದ್ದು ಬೆಣ್ಣೆ, ಸಕ್ಕರೆ, ಗೋಧಿಹಿಟ್ಟು, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದ ಬತ್ತಿ, ಇಷ್ಟೇ. ಬೀದಿ ಹುಡುಗರು ಹೊರಗೆ ನಿಂತು ಗೇಲಿ ಮಾಡಿದರಂತೆ. ಹಿಟ್ಟಿಗೆ ಸೀಮೆಸುಣ್ಣ ಬೆರೆಸಿ ಮಾರುತ್ತಿದ್ದ ಕಾಲದಲ್ಲಿ ಇವರು ಕಲಬೆರಕೆ ಇಲ್ಲದ ಮಾಲು, ಸರಿಯಾದ ತೂಕ ಕೊಟ್ಟರು. ಉದ್ರಿ ಇಲ್ಲ. ಬಂದ ಲಾಭವನ್ನು ಯಾರು ಎಷ್ಟು ಕೊಂಡರೋ ಅವರಿಗೆ ಅಷ್ಟರ ಲೆಕ್ಕದಲ್ಲಿ ಹಂಚಿದರು. ಲೋಕದ ಸಹಕಾರಿ ಅಂಗಡಿಗಳಿಗೆಲ್ಲ ಮಾದರಿಯಾದದ್ದು ಈ ಅಂಗಡಿ.

ಆಮೇಲೆ ಈ ಸಹಕಾರಿ ಅಂಗಡಿ, ಜನರ ಬಾಯಲ್ಲಿ ಕೋ-ಆಪ್, ಬೆಳೆಯಿತು. ಎಷ್ಟು ಬೆಳೆಯಿತೆಂದರೆ ಖಾಸಗಿ ಅಂಗಡಿಯವರು ಅದರ ವಿರುದ್ಧ ಸಂಘ ಕಟ್ಟಿ ಬಹಿಷ್ಕಾರದ ಮಾತಾಡಿದ್ದೂ ಉಂಟು. ಅವರ ಪಾಲಿಗೆ ಕೋ-ಆಪ್ಪೇ ಸೂಪರ್‌ಮಾರ್ಕೆಟ್. ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಕೋ-ಆಪ್ ಊರ ಜನರ ಪ್ರೀತಿಯ ನೆನಪಾಗಿತ್ತು. ನಿಮ್ಮ ಪಕ್ಕದ ಮನೆಯ ಅಜ್ಜಿ ಕೊನೆಗಾಲದಲ್ಲಿ ಮೊಮ್ಮಕ್ಕಳ ಹೆಸರು ತಡಕಾಡುತ್ತಿದ್ದರೂ ತಮ್ಮ ಕೋ-ಆಪ್ 'ಡಿವಿ' ನಂಬರನ್ನು ತಪ್ಪದೆ ಹೇಳುತ್ತಿದ್ದರು ಅಂತ ಬರೆದಿದ್ದೀರಿ. ಲಾಭಾಂಶ ಜಮಾ ಆಗಬೇಕಾದರೆ ಕೊಂಡಾಗಲೆಲ್ಲ ಆ ನಂಬರ್ ಹೇಳಬೇಕಿತ್ತಲ್ಲ, ಹಾಗಾಗಿ ನಾಲಿಗೆಗೆ ಅಂಟಿಕೊಂಡಿತ್ತು. ಇನ್ನು ನೀವು ಪ್ರೀತಿಯಿಂದ ನೆನೆದಿರುವ ಎಕ್ಸ್‌ಚೇಂಜ್ ಶಾಪಿಂಗ್ ಸೆಂಟರ್ ಇದೆಯಲ್ಲ, ಮಕ್ಕಳ ಕೈ ಹಿಡಿದು ಓಡಾಡಿದ ಜಾಗ, ಅದು 1970ರ ದಶಕದಲ್ಲಿ ಎದ್ದಾಗ ಟೋಡ್ ಲೇನ್ ಬೀದಿಯ ದೊಡ್ಡ ಭಾಗ ಅದರಡಿ ಹೋಯಿತು. ಹಳೆಯ ಅಂಗಡಿ ಮಾತ್ರ ಮ್ಯೂಸಿಯಮ್ ಆಗಿ ಉಳಿದುಕೊಂಡಿದೆ.

ಹಾಗಂತ ನಿಮ್ಮ ಬೇಸರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನೀವು ಅಳುತ್ತಿರುವ ಅಂಗಡಿಯೂ ಒಂದು ಕಾಲಕ್ಕೆ ಇನ್ನೊಬ್ಬರನ್ನು ಅಳಿಸಿತ್ತು ಅಂತಷ್ಟೇ. ಲೆಕ್ಕದ ಪುಸ್ತಕದಲ್ಲಿ ಎರಡೂ ಕಡೆ ಬರೆಯಬೇಕಲ್ಲ.

ಕಣಗಿನಹಾಳದ ವಿಷಯ ಎತ್ತಿದ್ದೀರಿ. ಗದಗ ಸೀಮೆಯ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ನಮ್ಮ ಹೆಮ್ಮೆ. ಆದರೆ ಅದನ್ನು ನೇರವಾಗಿ ಟೋಡ್ ಲೇನ್‌ನ ಕೂಸು ಅನ್ನಲಿಕ್ಕಾಗದು. ಅದು ರೈತರಿಗೆ ಸಾಲ ಕೊಡುವ ಸಂಘ. ಅದಕ್ಕೆ ದಾರಿ ಮಾಡಿದ 1904ರ ಕಾಯ್ದೆಯ ಹಿಂದೆ ಹೆಚ್ಚಾಗಿ ಇದ್ದದ್ದು ಜರ್ಮನಿಯ ಹಳ್ಳಿ ಬ್ಯಾಂಕುಗಳ ಮಾದರಿ. ರಾಚ್‌ಡೇಲ್‌ಗೆ ನಮ್ಮಲ್ಲಿ ನಿಜವಾದ ನೆಂಟ ಬೇಕೆಂದರೆ ಜನತಾ ಬಜಾರ್ ಅನ್ನಿ. ಕೊಳ್ಳುವವರೇ ಒಡೆಯರು ಅನ್ನುವ ಲೆಕ್ಕ ಅಲ್ಲಿಯದು.

ನಿಮ್ಮ ಪತ್ರದ ಮೂರನೇ ಪುಟದ ಕೊನೆಯಲ್ಲಿ ಒಂದೇ ಸಾಲು ಇತ್ತು. ಬ್ರೆಡ್ ಅಂಗಡಿಯೊಂದರಲ್ಲಿ ಸಾಲಿನಲ್ಲಿ ನಿಂತು ನಿಮ್ಮ ಸರದಿ ಬಂದಾಗಲೆಲ್ಲ ಕಟ್ಟೆಯ ಆಚೆಯವರು ನಿಮ್ಮ ತಲೆಯ ಮೇಲಿಂದ ಹಿಂದಿನವರನ್ನು ನೋಡಿ "ಹೇಳಿ" ಅನ್ನುತ್ತಿದ್ದರು. ಸೀರೆ ಉಟ್ಟು ಹೋದ ದಿನ ಒಂದು ಥರ, ಕೋಟಿನ ಗುಂಡಿ ಹಾಕಿ ಸೀರೆ ಮುಚ್ಚಿಕೊಂಡ ದಿನ ಇನ್ನೊಂದು ಥರ. ಇಷ್ಟು ಬರೆದು ಮುಂದಿನ ಸಾಲಿನಲ್ಲೇ ಉಲ್ಲನ್ ಅಂಗಡಿಗೆ ಜಿಗಿದುಬಿಟ್ಟಿದ್ದೀರಿ. ಅಕ್ಕಾವ್ರೇ, ಅಲ್ಲಿ ಸ್ವಲ್ಪ ನಿಲ್ಲಬೇಕಿತ್ತು. ಗುರುತು ಹಿಡಿಯುವ ಅಂಗಡಿ ಯಾರನ್ನು ಗುರುತು ಹಿಡಿಯಬಾರದು ಅಂತಲೂ ತೀರ್ಮಾನ ಮಾಡುತ್ತದೆ. ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿಗೆ ನಿಮ್ಮ ಪರಿಚಯ ಇಲ್ಲ, ಸರಿ. ನಿಮ್ಮ ಸರದಿ ಮಾತ್ರ ತಪ್ಪುವುದಿಲ್ಲ. ಆ ಬ್ರೆಡ್ ಅಂಗಡಿ ಮುಚ್ಚಿದ್ದಕ್ಕೆ ನಾನಂತೂ ಕಣ್ಣೀರು ಹಾಕಲಾರೆ.

ಹಾಗೆ ನೋಡಿದರೆ ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಮಿಲ್ಕ್‌ಸ್ಟೋನ್ ರೋಡಿನ ಭಾಗ. ಮಿಲ್ಲಿನ ರಾತ್ರಿ ಪಾಳಿಗೆ ಪಾಕಿಸ್ತಾನದಿಂದ ಬಂದವರು ಮಿಲ್ಲು ಕುಸಿಯುತ್ತಿದ್ದ ಹಾಗೆ ಖಾಲಿ ಬಿದ್ದ ಅಂಗಡಿಗಳನ್ನು ಹಿಡಿದರು. ಕೊತ್ತಂಬರಿ ಸೊಪ್ಪು ಸಿಗದೆ ನೀವು ಪರದಾಡುತ್ತಿದ್ದಿರಿ. ಅಂಥ ಒಂದು ಅಂಗಡಿಯ ಚಾಚಾ ಶುಕ್ರವಾರ ಬಂದ ಹಸಿಮೆಣಸಿನಕಾಯಿಯಲ್ಲಿ ನಿಮ್ಮ ಪಾಲನ್ನು ಕಟ್ಟೆ ಕೆಳಗೆ ಇಡುತ್ತಿದ್ದರು. ಅವರದು ಪಂಜಾಬಿ ಕಲೆಸಿದ ಉರ್ದು, ನಿಮ್ಮದು ಧಾರವಾಡದ ಪೇಟೆಯ ಹಿಂದಿ. "ತೊಗರಿ ಬೇಳೆ" ಅಂತ ವಿವರಿಸಲು ನೀವು ಕೈಸನ್ನೆ ಮಾಡಿದ್ದಕ್ಕೆ ಅವರು ಮೂರು ಥರದ ಬೇಳೆ ತಂದು ಕಟ್ಟೆ ಮೇಲೆ ಸುರಿದರು. ಇಂಗ್ಲಿಷ್ ಊರಿನ ಸ್ಥಳೀಯ ಅಂಗಡಿ ಅಂದರೆ ಇದೂ ಹೌದು. ಹಳೇ ಫೋಟೋ ಪುಸ್ತಕಗಳಲ್ಲಿ ಮಾತ್ರ ಇವು ಅಪರೂಪ. ಯಾರೂ ಕ್ಯಾಮೆರಾ ಹಿಡಿದು ಆ ರಸ್ತೆಗೆ ಹೋಗಲಿಲ್ಲ.

ನಮ್ಮ ಪ್ರವಾಸ ಲೇಖನದ ಹೊಗಳಿಕೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಕ್ಷಮಿಸಿ. 2020ರಲ್ಲಿ ತೆರೆದ ಆ ರಿವರ್‌ಸೈಡ್ ಕಾಂಪ್ಲೆಕ್ಸ್ ನಿಂತಿರುವುದು ಹಳೆಯ ಬಸ್ ನಿಲ್ದಾಣ ಮತ್ತು 'ಬ್ಲ್ಯಾಕ್ ಬಾಕ್ಸ್' ಅನ್ನುವ ಕರಿ ಸರ್ಕಾರಿ ಕಟ್ಟಡ ಇದ್ದ ಜಾಗದಲ್ಲಿ. ಅದಕ್ಕಾಗಿ ಯಾರೂ ಪತ್ರ ಬರೆದಿಲ್ಲ. ಅದರ ಹತ್ತಿರವೇ, ನೂರು ವರ್ಷದ ಹಿಂದೆ ಕಾಂಕ್ರೀಟಿನಡಿ ಮುಚ್ಚಿದ್ದ ರೋಚ್ ನದಿಯನ್ನು 2016ರಲ್ಲಿ ಮತ್ತೆ ತೆರೆದರು. ಅಡಗಿದ್ದ ಹಳೆಯ ಕಲ್ಲುಸೇತುವೆಯೂ ಈಗ ಕಾಣುತ್ತದೆ. ನೀವು ಮದುವಣಗಿತ್ತಿಯಾಗಿ ಓಡಾಡಿದಾಗ ಕಾಲ ಕೆಳಗೆ ಹೊಳೆ ಹರಿಯುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೇ. ಡ್ರೇಕ್ ಸ್ಟ್ರೀಟ್ ಬಿಕೋ ಅನ್ನುತ್ತಿದೆ ಅನ್ನುವ ನಿಮ್ಮ ಮಾತಿಗೆ ಮಾತ್ರ ನನ್ನ ಸಹಿ ಇದೆ. ಒಂದು ಕಾಲಕ್ಕೆ ಊರಿನ ದೊಡ್ಡ ಅಂಗಡಿಗಳ ಬೀದಿ ಅದು. 2014ರಿಂದ ಅಲ್ಲಿ ಟ್ರಾಮ್ ಓಡುತ್ತಿದೆ. ಟ್ರಾಮ್ ಬಂದರೆ ಅಂಗಡಿಗಳೂ ಬರುತ್ತವೆ ಅಂದುಕೊಂಡಿದ್ದರು. ಜನ ಟ್ರಾಮಿನಲ್ಲಿ ಕೂತು ಮುಚ್ಚಿದ ಬಾಗಿಲುಗಳನ್ನು ನೋಡುತ್ತಾ ಮುಂದೆ ಹೋಗುತ್ತಾರೆ.

ಈಗ ನನ್ನದೊಂದು ಕೋರಿಕೆ. ಸ್ಟೇಷನ್ನಿನಿಂದ ಟೌನ್ ಹಾಲ್ ತನಕ, ಎಡಗಡೆ ಬಲಗಡೆ ಯಾವ ಅಂಗಡಿ ಆದ ಮೇಲೆ ಯಾವುದು ಅಂತ ಒಂದು ಕಾಗದದ ಮೇಲೆ ಗೀಚಿ ಕಳಿಸಿ. ಚಂದ ಇರಬೇಕಿಲ್ಲ. ಯಜಮಾನರನ್ನೂ ಕೂರಿಸಿಕೊಳ್ಳಿ, ಹಾರ್ಡ್‌ವೇರ್ ಅಂಗಡಿ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ಬ್ರೆಡ್ ಅಂಗಡಿಯನ್ನೂ ಬಿಡಬೇಡಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಎತ್ತಿಟ್ಟಿದ್ದೇನೆ.

ಇನ್ನೊಂದು ಕೇಳುವುದಿತ್ತು. ನೀವು ಬಂದ 1974ರ ಫೆಬ್ರುವರಿಯಲ್ಲಿ ಕಲ್ಲಿದ್ದಲು ಸಾಲದೆ, ಕರೆಂಟ್ ಉಳಿಸಲು ಸರ್ಕಾರ ವಾರಕ್ಕೆ ಮೂರೇ ದಿನ ಕೆಲಸ ಅಂತ ಮಾಡಿತ್ತು. ದೇಶದ ಎಷ್ಟೋ ಅಂಗಡಿಗಳು ಮೇಣದ ಬತ್ತಿ, ಲಾಟೀನು ಹಚ್ಚಿಕೊಂಡು ವ್ಯಾಪಾರ ಮಾಡಿದವು. ಇಷ್ಟುದ್ದ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲವಲ್ಲ? ಮರೆತುಹೋಯಿತಾ, ಇಲ್ಲಾ ಧಾರವಾಡದಿಂದ ಬಂದವರಿಗೆ ಕರೆಂಟ್ ಹೋಗುವುದು ಒಂದು ಸುದ್ದಿ ಅಂತಲೇ ಅನ್ನಿಸಲಿಲ್ವಾ?

– ಸಂಪಾದಕ