ಎಸ್‌ಇಎಂ ಇದೆಯಾ ಅಂತ ಕೇಳಬೇಡಿ, ಓವನ್ ಪಕ್ಕದ ಡಬ್ಬಿ ನೋಡಿ

ಬಿಇ ಮೆಕ್ಯಾನಿಕಲ್ ಆಗಿದೆ, ಬೆಂಗಳೂರಿನ ಎರಡು ವಿಶ್ವವಿದ್ಯಾಲಯಗಳ ಪಾಲಿಮರ್-ಕಾಂಪೋಸಿಟ್ (ನಾರನ್ನು ಪ್ಲಾಸ್ಟಿಕ್ ಥರದ ಅಂಟಿನಲ್ಲಿ ಕೂಡಿಸಿದ ವಸ್ತು) ಸಂಶೋಧನಾ ಕೇಂದ್ರಗಳಿಂದ ಪ್ರಾಜೆಕ್ಟ್ ಫೆಲೋ ಕೆಲಸಕ್ಕೆ ಕರೆ ಬಂದಿದೆ. ಒಂದರಲ್ಲಿ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಇದೆ, ಇನ್ನೊಂದರಲ್ಲಿ ಇಲ್ಲ. ಯಾವುದಕ್ಕೆ ಸೇರಲಿ, ಇಲ್ಲಾ ಪೀಣ್ಯದ ಕಂಪನಿಗೇ ಹೋಗಲಾ? ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ಓದಿ ನಗು ಬಂತು. ನಾನೂ ಒಂದು ಕಾಲದಲ್ಲಿ ಹೀಗೇ ಪಟ್ಟಿ ಮಾಡಿಕೊಂಡು ಕೂತಿದ್ದೆ. ಎಡಗಡೆ ಕೇಂದ್ರದ ಹೆಸರು, ಬಲಗಡೆ ಯಂತ್ರಗಳು. ಯಾವುದರ ಮುಂದೆ ಪಟ್ಟಿ ಉದ್ದ ಇತ್ತೋ ಅಲ್ಲಿಗೆ ಸೇರಿದೆ. ಹೆಸರು ಬೇಡ ಬಿಡಿ, ತಪ್ಪು ನನ್ನದೇ.

ಬೆಂಗಳೂರಲ್ಲಿ ಕಾಂಪೋಸಿಟ್ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ತೇಜಸ್. ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45 ಕಾಂಪೋಸಿಟ್. 2001ರ ಜನವರಿಯಲ್ಲಿ ಅದು ಮೊದಲ ಸಲ ಹಾರಿದ್ದೂ ಇಲ್ಲಿಂದಲೇ. ನಾನೂ ಕಾರ್ಬನ್ ಫೈಬರ್ ಮುಟ್ಟುವ ಆಸೆಯಲ್ಲಿ ಹೋದವನು. ಕೈಗೆ ಸಿಕ್ಕಿದ್ದು ಸೆಣಬು. ಗೋಣಿಚೀಲದ ಸೆಣಬು! ತುಮಕೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ, "ಗೋಣಿತಟ್ಟಿಗೆ ಅಂಟು ಹಚ್ಚೋಕೆ ಬಿಇ ಓದಬೇಕಿತ್ತೇನೋ?" ಅಂದರು.

ಪ್ರಯೋಗ ಸರಳವಾಗಿತ್ತು. ಸೆಣಬಿನ ಬಟ್ಟೆಯ ಒಂದು ಪಾಲು ಹಾಗೇ ಇಟ್ಟುಕೊಳ್ಳೋದು. ಇನ್ನೊಂದು ಪಾಲನ್ನು ಶೇ 5ರ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ, ತೊಳೆದು, ಒಣಗಿಸೋದು. ಸೋಡಾ ನಾರಿನ ಮೇಲಿನ ಮೇಣವನ್ನೂ ನಾರನ್ನು ಬಿಗಿಯಾಗಿಡುವ ಲಿಗ್ನಿನ್ ಅನ್ನೋ ಅಂಶವನ್ನೂ ಒಂದಷ್ಟು ತೆಗೆದು ಮೈಯನ್ನು ಒರಟು ಮಾಡುತ್ತೆ, ಆಗ ಎಪಾಕ್ಸಿ ಅಂಟು ಗಟ್ಟಿಯಾಗಿ ಹಿಡಿಯುತ್ತೆ ಅನ್ನೋದು ಲೆಕ್ಕ. ಎರಡರಿಂದಲೂ ಹಾಳೆ ಮಾಡಬೇಕು. ಎಲ್‌ವೈ 556 ಅನ್ನೋ ಎಪಾಕ್ಸಿ ರೆಸಿನ್, ಅದನ್ನು ಗಟ್ಟಿ ಮಾಡೋ ಎಚ್‌ವೈ 951 ಹಾರ್ಡನರ್, ತೂಕದಲ್ಲಿ 100ಕ್ಕೆ 10. ಪದರದ ಮೇಲೆ ಪದರ, ರೋಲರ್, ಮೇಲೊಂದು ಭಾರ, ಒಂದು ದಿನ ಮುಟ್ಟದೆ ಬಿಡೋದು. ಆಮೇಲೆ 250 ಮಿಮೀ ಉದ್ದ, 25 ಮಿಮೀ ಅಗಲದ ಪಟ್ಟಿ ಕತ್ತರಿಸಿ ಯುಟಿಎಂ ಅನ್ನೋ, ಎಳೆದು ಬಲ ಅಳೆಯುವ ಯಂತ್ರದಲ್ಲಿ ಹರಿಯುವ ತನಕ ಎಳೆಯೋದು. ಎಎಸ್‌ಟಿಎಂ ಡಿ3039 ಅನ್ನೋ ಪರೀಕ್ಷಾ ನಿಯಮದ ಪ್ರಕಾರ ಒಂದೊಂದು ಬಗೆಗೆ ಕಡಿಮೆ ಅಂದರೂ ಐದು ಪಟ್ಟಿ.

ಈಗ ತಪ್ಪಿಗೆ ಬರ್ತೀನಿ. ಇದನ್ನು ಸ್ವಲ್ಪ ಎಳೆದು ಹೇಳ್ತೀನಿ, ಸಹಿಸಿಕೊಳ್ಳಿ.

ಲ್ಯಾಬಿನಲ್ಲಿ ಇದ್ದದ್ದು ಒಂದೇ ಓವನ್. ಅದಕ್ಕೆ ಐದಾರು ಜನ ಕಾಯೋರು. ಸೋಡಾ ಹಾಕದ ಬಟ್ಟೆಯನ್ನು ಮೊದಲು ಒಣಗಿಸಿದೆ. ಬೇರೆಯವರಿಗೆ ಜಾಗ ಬೇಕು ಅಂತ ತೆಗೆದು, ಪೇಪರ್‌ನಲ್ಲಿ ಸುತ್ತಿ ಮೇಜಿನ ಮೇಲಿಟ್ಟೆ. ಎರಡು ದಿನ ಅಲ್ಲೇ ಇತ್ತು. ಆಮೇಲೆ ತೂಕ ಮಾಡಿ ಹಾಳೆ ಹಾಕಿದೆ. ಸೋಡಾದ ಬಟ್ಟೆ ರಾತ್ರಿಯೆಲ್ಲ ಓವನ್‌ನಲ್ಲಿತ್ತು. ಬೆಳಗ್ಗೆ ತೆಗೆದವನೇ ತೂಕ ಮಾಡಿ, ಬಿಸಿ ಆರುವ ಮೊದಲೇ ಹಾಳೆ ಹಾಕಿದೆ. ಎರಡಕ್ಕೂ ನೋಟ್‌ಬುಕ್‌ನಲ್ಲಿ ಒಂದೇ ಮಾತು ಬರೆದೆ: "ಒಣಗಿಸಲಾಯಿತು."

ತಿಂಗಳು ಜುಲೈ.

ಸೆಣಬು ಹತ್ತಿಗಿಂತ ಜಾಸ್ತಿ ತೇವ ಕುಡಿಯುತ್ತೆ. ಪೂರ್ತಿ ಒಣಗಿದ 100 ಗ್ರಾಂ ಸೆಣಬು ಮಾಮೂಲಿ ತೇವದ ಗಾಳಿಯಲ್ಲಿ 13.75 ಗ್ರಾಂ ನೀರು ಹಿಡಿದುಕೊಳ್ಳುತ್ತೆ ಅನ್ನೋದು ಸೆಣಬಿನ ವ್ಯಾಪಾರದಲ್ಲೇ ಒಪ್ಪಿಕೊಂಡ ಲೆಕ್ಕ. ಅದು ಶೇ 65 ಆರ್ದ್ರತೆಗೆ. ಬೆಂಗಳೂರಿನ ಜುಲೈನಲ್ಲಿ ಅದಕ್ಕಿಂತ ಕಡಿಮೆ ಎಲ್ಲಿರುತ್ತೆ? ಅಂದರೆ ಮೇಜಿನ ಮೇಲಿದ್ದ ಆ ಬಟ್ಟೆಯನ್ನು ನಾನು 30 ಗ್ರಾಂ ನಾರು, 70 ಗ್ರಾಂ ರೆಸಿನ್ ಅಂತ ತೂಗಿದ್ದರಲ್ಲಿ ನಿಜವಾದ ನಾರು 26 ಗ್ರಾಂ ಚಿಲ್ಲರೆ. ಉಳಿದದ್ದು ನೀರು. ಕಾಗದದ ಮೇಲೆ ಶೇ 30 ನಾರು, ಹಾಳೆಯಲ್ಲಿ ಸುಮಾರು 27. ಅದೂ ಹೋಗಲಿ. ಒದ್ದೆ ನಾರಿಗೆ ಎಪಾಕ್ಸಿ ಸರಿಯಾಗಿ ಅಂಟಲ್ಲ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತೆ, ಆ ಬಿಸಿಗೆ ನೀರು ಆವಿಯಾಗಿ ಒಳಗೆ ಗುಳ್ಳೆ ಬಿಡುತ್ತೆ. ಹಾರ್ಡನರ್ ಅಮೈನ್ ಅನ್ನೋ ರಾಸಾಯನಿಕದ ಜಾತಿಯದ್ದು, ತೇವದ ಗಾಳಿ ತಗುಲಿದರೆ ಮೇಲೆ ಬಿಳಿ ಜಿಡ್ಡು ಕಟ್ಟುತ್ತೆ. ಆ ಜಿಡ್ಡನ್ನು ನಾನು ನೋಡಿದ್ದೆ ಕೂಡ. ಬಟ್ಟೆಯಲ್ಲಿ ಒರೆಸಿ ಮುಂದೆ ಹೋದೆ.

ಇಷ್ಟಾದ ಮೇಲೆ ಪ್ರಯೋಗ ಕೆಟ್ಟುಹೋಗಬೇಕಿತ್ತು ಅಲ್ವಾ? ಕೆಡಲಿಲ್ಲ. ಫಲಿತಾಂಶ ಭರ್ಜರಿಯಾಗಿ ಬಂತು! ಸೋಡಾ ಹಾಕಿದ ಪಟ್ಟಿಗಳು ಹಾಕದ್ದಕ್ಕಿಂತ ಎಷ್ಟೋ ಗಟ್ಟಿ. ಎಲ್ಲ ಪುಸ್ತಕಗಳೂ ಹೇಳೋದೂ ಅದನ್ನೇ. ಗೈಡ್ ಖುಷಿಯಾದರು. ನಾವು ಅಷ್ಟು ಹೆಮ್ಮೆ ಪಡುತ್ತಿದ್ದ ಎಸ್‌ಇಎಂನಲ್ಲಿ ಮುರಿದ ತುದಿ ಇಟ್ಟು ನೋಡಿದರೆ, ಸೋಡಾ ಹಾಕದ ಪಟ್ಟಿಯಲ್ಲಿ ನಾರು ಕಿತ್ತು ಬಂದ ತೂತುಗಳು, ಗುಳ್ಳೆಗಳು. "ಸೋಡಾ ಹಾಕದ್ದರಿಂದ ಅಂಟಿಲ್ಲ" ಅಂತ ಚಿತ್ರದ ಕೆಳಗೆ ಬರೆದೆ. ಲಕ್ಷಾಂತರ ರೂಪಾಯಿಯ ಯಂತ್ರ ನನ್ನ ತಪ್ಪನ್ನು ಚಂದವಾಗಿ ಫೋಟೋ ತೆಗೆದುಕೊಟ್ಟಿತು, ನಾನು ಅದನ್ನು ಸಾಕ್ಷಿ ಅಂತ ಅಂಟಿಸಿದೆ.

ಪೇಪರ್ ಕಳಿಸಿದ್ವಿ. ಮೂರು ತಿಂಗಳ ಮೇಲೆ ವಿಮರ್ಶಕರೊಬ್ಬರ ಪ್ರಶ್ನೆ ಬಂತು, ಒಂದೇ ಸಾಲು. ಹಾಳೆ ಹಾಕುವಾಗ ಎರಡೂ ಬಗೆಯ ನಾರಿನಲ್ಲಿ ತೇವ ಎಷ್ಟಿತ್ತು? ನೋಟ್‌ಬುಕ್ ತಿರುವಿ ಹಾಕಿದೆ. "ಒಣಗಿಸಲಾಯಿತು." ತಾರೀಖಿದೆ, ಗಂಟೆ ಇಲ್ಲ. ಓವನ್‌ನಿಂದ ಯಾವಾಗ ತೆಗೆದೆ, ಎಷ್ಟು ಹೊತ್ತು ಹೊರಗಿತ್ತು, ಏನೂ ಇಲ್ಲ.

ನಮ್ಮ ಲ್ಯಾಬಿನ ಅಟೆಂಡರನ್ನು ಎಲ್ಲರೂ ಅಣ್ಣ ಅಂತಲೇ ಕರೀತಿದ್ವಿ. ಅವರ ಹತ್ತಿರ ಗೋಳು ಹೇಳಿಕೊಂಡೆ. ಅವರು ಬೀಕರ್ ತೊಳೆಯುತ್ತಾ ತಿರುಗಿ ಕೂಡ ನೋಡದೆ ಅಂದರು: "ಮಳೆಗಾಲದಲ್ಲಿ ಹುರಿದ ಹಪ್ಪಳ ಡಬ್ಬಿಗೆ ಹಾಕ್ದೆ ಹೊರಗಿಟ್ರೆ ಏನಾಗುತ್ತೆ ಸಾರ್? ನಿಮ್ಮ ಬಟ್ಟೆ ಎರಡು ದಿನ ಮೇಜಿನ ಮೇಲೇ ಇತ್ತಲ್ಲ."

"ಅವತ್ತೇ ಹೇಳಬಾರದಿತ್ತಾ ಅಣ್ಣ?"

"ನೀವು ಕೇಳ್ಲಿಲ್ವಲ್ಲ."

ಮತ್ತೆ ಶುರು. ಈ ಸಲ ಎರಡನ್ನೂ ಒಂದೇ ಹೊತ್ತಿಗೆ ಓವನ್‌ನಿಂದ ತೆಗೆದು, ಡೆಸಿಕೇಟರ್ ಅನ್ನೋ ತೇವ ಹೊಗದ ಡಬ್ಬಿಯಲ್ಲಿ ಆರಿಸಿ, ತೂಗಿ, ತಕ್ಷಣ ಹಾಳೆ ಹಾಕಿದೆ. ಸೋಡಾದ ಲಾಭ ಇಳಿದು ಇಳಿದು ಐದು ಪಟ್ಟಿಗಳ ನಡುವಿನ ಏರುಪೇರಿನಲ್ಲೇ ಮುಚ್ಚಿಹೋಯಿತು. ಸೋಡಾ ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ಮೊದಲ ಪಟ್ಟಿಗಳು ತೋರಿಸಿದ್ದು ಸೋಡಾದ ಗುಣವನ್ನಲ್ಲ, ಒಣ ಮತ್ತು ಒದ್ದೆಯ ವ್ಯತ್ಯಾಸವನ್ನು, ಅಷ್ಟೇ. ಪೇಪರ್ ವಾಪಸ್ ತೆಗೆದುಕೊಂಡ್ವಿ. ಅಷ್ಟರಲ್ಲಿ ಎಂಟು ತಿಂಗಳು ಹೋಗಿತ್ತು. ಪ್ರಾಜೆಕ್ಟಿನ ಅವಧಿ ಮುಗೀತು, ದುಡ್ಡು ನಿಂತಿತು, ಪಿಎಚ್‌ಡಿ ನೋಂದಣಿ ಅಲ್ಲಿಗೇ ಬಿತ್ತು.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಎಸ್‌ಇಎಂ ಯಾರಿಗೆ ಬೇಕು? ಐಐಎಸ್‌ಸಿಯಲ್ಲಿ ಶುಲ್ಕ ಕಟ್ಟಿದರೆ ಹೊರಗಿನವರಿಗೂ ಸಮಯ ಕೊಡ್ತಾರೆ. 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಇದೆ ಅಂತ ಹುಡುಕಿ ಬುಕ್ ಮಾಡಬಹುದು. ವರ್ಷಕ್ಕೆ ನಾಲ್ಕೈದು ದಿನ ಬೇಕಾಗುವ ಯಂತ್ರ ನೋಡಿ ಮೂರು ವರ್ಷ ಒತ್ತೆ ಇಡಬೇಡಿ. ದಿನಾ ಬೇಕಾಗೋದು ತಕ್ಕಡಿ, ಓವನ್, ಡೆಸಿಕೇಟರ್. ಇವು ಬಾಡಿಗೆಗೆ ಸಿಗಲ್ಲ.

ಸಂಬಳದ್ದೂ ಒಂದು ಮಾತು. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ಆಗಿದೆ ಅಂತ ಕೇಳಿ ಲೆಕ್ಕ ಹಾಕಿಬಿಡಬೇಡಿ. ಅದು ನೆಟ್, ಗೇಟ್ ಥರದ ಪರೀಕ್ಷೆ ಪಾಸಾದವರಿಗೆ. ಪ್ರಾಜೆಕ್ಟ್ ಫೆಲೋ ಅಂದರೆ ನಿಮಗೆ ಎಷ್ಟು, ಎಷ್ಟು ತಿಂಗಳು, ಆರ್ಡರ್ ಕೈಗೆ ತಗೊಂಡು ಓದಿ. ಪೀಣ್ಯದ ಕೆಲಸ ಕೀಳು ಅಂತೇನಿಲ್ಲ. ನಾನೀಗ ಅಲ್ಲೇ ಒಂದು ಫೈಬರ್‌ಗ್ಲಾಸ್ ಘಟಕದಲ್ಲಿದ್ದೀನಿ. ಆದರೆ ಸಂಶೋಧನೆ ಮಾಡೋ ಹಂಬಲ ನಿಜವಾಗಿ ಇದ್ದರೆ ಈಗಲೇ ಹೋಗಿ. ಆಮೇಲೆ ಹೋಗ್ತೀನಿ ಅಂದವರು ಹೋಗಿದ್ದು ನಾನು ನೋಡಿಲ್ಲ.

ಸೇರುವ ಮುಂಚೆ ಎರಡೂ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ. ಗೈಡ್ ರೂಮಿಗೆ ಹೋಗೋ ಮೊದಲು ಓವನ್ ಪಕ್ಕ ಹೋಗಿ. ಡೆಸಿಕೇಟರ್‌ನಲ್ಲಿ ಸಿಲಿಕಾ ಜೆಲ್ ಕಾಳು ಇರುತ್ತೆ, ಒಣಗಿದ್ದರೆ ನೀಲಿ, ತೇವ ಕುಡಿದಿದ್ದರೆ ಗುಲಾಬಿ. ಗುಲಾಬಿ ಇದ್ದರೆ ಅಲ್ಲಿರೋ ಹುಡುಗರನ್ನು ಕೇಳಿ, ಇದನ್ನು ಬಿಸಿ ಮಾಡಿ ಮತ್ತೆ ನೀಲಿ ಮಾಡೋ ಕೆಲಸ ಯಾರದ್ದು ಅಂತ. ಒಬ್ಬರ ಹೆಸರು ಹೇಳಿದರೆ ಪರವಾಗಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಎಸ್‌ಇಎಂ ಇದ್ದರೂ ಅಲ್ಲಿಗೆ ಬೇಡ. ಅಟೆಂಡರ್ ಜೊತೆ ಒಂದು ಲೋಟ ಟೀ ಕುಡಿದು ಬನ್ನಿ. ಆದಷ್ಟೂ ಮಳೆ ಬರೋ ದಿನವೇ ಹೋಗಿ, ಮಾರ್ಚ್‌ನಲ್ಲಿ ಎಲ್ಲ ಲ್ಯಾಬೂ ಒಣಗೇ ಇರುತ್ತೆ.