ಬೋಟಿನ ಸ್ಟೀರಿಂಗ್ ಬಿಗಿಯಾಗಿದೆಯೇ? ಬಲ ಹಾಕಬೇಡಿ

ಪ್ರಶ್ನೆ: ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಚಿಕ್ಕ ಫೈಬರ್ ಬೋಟ್ ನಮ್ಮದು. ಹಿಂಬದಿಗೆ ಹೊರಗಡೆ ಕೂರಿಸಿದ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಕೇಬಲ್ ಸ್ಟೀರಿಂಗ್. ಮಳೆಗಾಲದಲ್ಲಿ ಮೇಲೆತ್ತಿ ಇಟ್ಟಿದ್ದೆವು. ಈಗ ಚಕ್ರ ತಿರುಗಿಸಲು ಎರಡೂ ಕೈ ಬೇಕು. ನಿಪ್ಪಲ್‌ಗೆ ಚೆನ್ನಾಗಿ ಗ್ರೀಸ್ ಹೊಡೆದೆ. ಇನ್ನೂ ಬಿಗಿಯಾಯಿತು! ಕೇಬಲ್ ಬದಲಿಸಬೇಕಾ?
– ಓದುಗರು, ಹೊನ್ನಾವರ

ಉತ್ತರ: ಈಗಲೇ ಕೇಬಲ್ ಕೊಳ್ಳಬೇಡಿ. ಹಿಡಿದುಕೊಂಡಿರುವುದು ಎಂಜಿನ್ನೋ ಕೇಬಲ್ಲೋ ಅಂತ ಮೊದಲು ತಿಳಿಯಬೇಕು. ಅಲ್ಲಿಯವರೆಗೆ ಜನರನ್ನು ಹತ್ತಿಸಿಕೊಳ್ಳಲೇಬೇಡಿ. ಹೊಳೆಯ ಸೆಳೆತದಲ್ಲಿ ಸ್ಟೀರಿಂಗ್ ಪೂರ್ತಿ ಹಿಡಿದುಬಿಟ್ಟರೆ ಬೋಟ್ ನಿಮ್ಮ ಮಾತು ಕೇಳುವುದಿಲ್ಲ.

ಎಂಜಿನ್ ಆಫ್ ಮಾಡಿ, ಬೋಟನ್ನು ದಡದ ಮೇಲೆ ಇಟ್ಟುಕೊಳ್ಳಿ. ಕೇಬಲ್ ತುದಿಯನ್ನು ಎಂಜಿನ್‌ಗೆ ಜೋಡಿಸುವ ಲಿಂಕ್ ರಾಡ್ ಬಿಚ್ಚಿ. ಈಗ ಎಂಜಿನ್ನನ್ನು ಕೈಯಿಂದ ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಎಂಜಿನ್ ಸರಿಯಿದೆ, ತೊಂದರೆ ಕೇಬಲ್ ಕಡೆ. ತಿರುಗದಿದ್ದರೆ ಎಂಜಿನ್ ನಿಂತಿರುವ ಬ್ರಾಕೆಟ್‌ನ ಒಳಗೆ ಹಳೆ ಗ್ರೀಸ್ ಗಟ್ಟಿಯಾಗಿದೆ, ಇಲ್ಲವೇ ಉಪ್ಪು ಕಟ್ಟಿದೆ.

ನೀವು ಹೇಳಿದ್ದು ಕೇಳಿದರೆ ನನಗೆ ಅನುಮಾನ ಟಿಲ್ಟ್ ಟ್ಯೂಬ್ ಮೇಲೆ. ಎಂಜಿನ್ ಮೇಲೆತ್ತುವಾಗ ಯಾವ ಅಡ್ಡ ಕೊಳವೆಯ ಮೇಲೆ ಅದು ವಾಲುತ್ತದೋ, ಅದೇ ಟಿಲ್ಟ್ ಟ್ಯೂಬ್. ಕೇಬಲ್ ತುದಿಯ ಉಕ್ಕಿನ ಸರಳು ಅದರೊಳಗೇ ಹಿಂದೆ ಮುಂದೆ ಓಡಾಡುತ್ತದೆ. ಉಪ್ಪು ನೀರಿನಲ್ಲಿ ಓಡಿದ ಬೋಟು ತಿಂಗಳುಗಟ್ಟಲೆ ಅಲ್ಲಾಡದೆ ನಿಂತರೆ ಮೊದಲು ಹಿಡಿಯುವ ಜಾಗವೇ ಇದು. ಅಲ್ಲಿರುವ ನಿಪ್ಪಲ್‌ಗೆ ಗ್ರೀಸ್ ಹೊಡೆಯುವಾಗ ಒಂದು ನಿಯಮವಿದೆ, ತುಂಬಾ ಜನ ಇದನ್ನು ಮರೆಯುತ್ತಾರೆ: ಸರಳು ಪೂರ್ತಿ ಒಳಗೆ ಸರಿದಿರಬೇಕು. ಹೊರಗೆ ಚಾಚಿದ್ದಾಗ ಹೊಡೆದರೆ ಗ್ರೀಸ್ ಸರಳಿನ ದಾರಿಯಲ್ಲೇ ತುಂಬಿಕೊಂಡು ಅದನ್ನು ತಡೆಯುತ್ತದೆ. ಗ್ರೀಸ್ ಹೊಡೆದ ಮೇಲೆ ಇನ್ನೂ ಬಿಗಿಯಾಗಿದ್ದಕ್ಕೆ ಇದೇ ಕಾರಣ ಇರಬಹುದು. ಒಬ್ಬರು ಚಕ್ರ ತಿರುಗಿಸಲಿ, ಇನ್ನೊಬ್ಬರು ಹಿಂದೆ ನಿಂತು ಸರಳು ಒಳಗೆ ಹೋಯಿತಾ ನೋಡಲಿ. ಆಮೇಲೆ ಗ್ರೀಸ್ ಗನ್ ಹಿಡಿಯಿರಿ.

ಈಗ ಮಾಡಬೇಕಾದದ್ದು: ಟ್ಯೂಬಿನ ತುದಿಯ ದೊಡ್ಡ ನಟ್ ಬಿಚ್ಚಿ, ಸರಳನ್ನು ಹೊರಗೆಳೆಯಿರಿ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಮರುದಿನ ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಿ. ಸುತ್ತಿಗೆಯಿಂದ ನೇರ ಹೊಡೆದರೆ ಸರಳಿನ ತುದಿ ಚಪ್ಪಟೆಯಾಗಿ ಮತ್ತೆ ಟ್ಯೂಬಿನೊಳಗೆ ಹೋಗುವುದೇ ಇಲ್ಲ. ಬೆಂಕಿಯಂತೂ ಬೇಡವೇ ಬೇಡ. ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇದೆ, ಬ್ರಾಕೆಟ್ ಒಳಗೆ ಪ್ಲಾಸ್ಟಿಕ್ ಬುಷ್‌ಗಳಿರುತ್ತವೆ.

ಸರಳು ಹೊರಬಂದ ಮೇಲೆ ಚಕ್ರ ತಿರುಗಿಸಿ. ಹಗುರವಾಗಿದ್ದರೆ ಕೇಬಲ್ ಚೆನ್ನಾಗಿದೆ, ದುಡ್ಡು ಉಳಿಯಿತು. ಟ್ಯೂಬಿನ ಒಳಗನ್ನು ಉದ್ದನೆಯ ದುಂಡು ತಂತಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಸರಳನ್ನು ನಯವಾದ ಎಮರಿ ಕಾಗದದಿಂದ ತಿಕ್ಕಿ. ನೀರಿಗೆ ಕರಗದ ಮೆರೀನ್ ಗ್ರೀಸ್ ಸವರಿ ಜೋಡಿಸಿ. ಆಗಲೂ ಚಕ್ರ ಬಿಗಿಯೇ ಇದ್ದರೆ ಚಕ್ರದ ಹಿಂದಿನ ಗೇರ್‌ನಿಂದ ಕೇಬಲ್ ಕಳಚಿ ಎರಡನ್ನೂ ಬೇರೆಬೇರೆ ನೋಡಿ. ಕೇಬಲ್ಲೇ ಹಿಡಿದಿದ್ದರೆ ಬದಲಿಸಲೇಬೇಕು. ಅದರೊಳಗೆ ಎಣ್ಣೆ ಬಿಟ್ಟು ಸರಿಮಾಡುತ್ತೇನೆ ಅನ್ನುವವರ ಮಾತು ಕೇಳಬೇಡಿ, ಒಳಗೆ ನೀರು ಹೊಕ್ಕು ತುಕ್ಕು ಹಿಡಿದ ಕೇಬಲ್ ಮತ್ತೆ ನಂಬಿಕೆಗೆ ಬರುವುದಿಲ್ಲ. ಅಷ್ಟೇ ಉದ್ದದ್ದು ತನ್ನಿ, ಎಲ್ಲೂ ಚೂಪಾಗಿ ಬಗ್ಗಿಸದೆ ಹಾಕಿಸಿ.

ಲಿಂಕ್ ರಾಡ್ ಮತ್ತೆ ಕೂರಿಸುವಾಗ ಹಳೆ ಲಾಕ್ ನಟ್ ಹಾಕದೆ ಹೊಸದನ್ನೇ ಹಾಕಿ. ಈ ಒಂದು ನಟ್ ಬಿದ್ದರೆ ಸ್ಟೀರಿಂಗ್ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಮುಂದಿನ ಮಳೆಗಾಲಕ್ಕೆ ಬೋಟ್ ಎತ್ತುವ ಮೊದಲು ಸಿಹಿ ನೀರಲ್ಲಿ ತೊಳೆದು ಗ್ರೀಸ್ ಹಾಕಿ, ವಾರಕ್ಕೊಮ್ಮೆ ಚಕ್ರವನ್ನು ಎರಡೂ ಕಡೆ ತಿರುಗಿಸುತ್ತಿರಿ.

ಪ್ರಶ್ನೆ: ನಮ್ಮ ನಾಡದೋಣಿಗೆ 9.9 ಎಚ್‌ಪಿ ಎಂಜಿನ್. ಚಕ್ರ ಇಲ್ಲ, ಹಿಡಿಯಿಂದಲೇ ತಿರುಗಿಸುತ್ತೇವೆ. ಈಚೆಗೆ ಕೈ ನೋಯುವಷ್ಟು ಬಿಗಿ.
– ಓದುಗರು, ಗಂಗೊಳ್ಳಿ

ಉತ್ತರ: ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲೂ 10 ಎಚ್‌ಪಿವರೆಗಿನ ನಾಡದೋಣಿಗೆ ಅವಕಾಶವಿದೆ, ಹಾಗಾಗಿ ನಿಮ್ಮ ಎಂಜಿನ್ ಸುಮ್ನೆ ನಿಂತು ಹಿಡಿದಿರುವ ಸಾಧ್ಯತೆ ಕಡಿಮೆ. ಮೊದಲು ಬ್ರಾಕೆಟ್ ಹತ್ತಿರ ಬಿಗಿ ಹೊಂದಿಸುವ ಸ್ಕ್ರೂ ಅಥವಾ ಲಿವರ್ ಇದೆಯಾ ನೋಡಿ. ಯಾರೋ ಜಾಸ್ತಿ ಬಿಗಿಮಾಡಿರಬಹುದು, ಸ್ವಲ್ಪ ಸಡಿಲಿಸಿ. ಆದರೆ ಹಿಡಿ ಬಿಟ್ಟಕೂಡಲೇ ಎಂಜಿನ್ ತಾನಾಗಿ ತಿರುಗುವಷ್ಟು ಸಡಿಲ ಬೇಡ.

ಅದಲ್ಲದಿದ್ದರೆ ಬ್ರಾಕೆಟ್‌ನ ನಿಪ್ಪಲ್‌ಗೆ ಗ್ರೀಸ್ ಹೊಡೆಯುತ್ತಾ ಎಂಜಿನ್ನನ್ನು ಎಡಬಲ ಆಡಿಸಿ, ಕಪ್ಪು ಗ್ರೀಸ್ ಹೋಗಿ ಹೊಸದು ಹೊರಬರುವವರೆಗೆ. ಗ್ರೀಸ್ ಒಳಗೇ ಹೋಗದಿದ್ದರೆ ನಿಪ್ಪಲ್ ಕಟ್ಟಿಕೊಂಡಿದೆ, ಬಿಚ್ಚಿ ತಂತಿಯಿಂದ ಚುಚ್ಚಿ ಬಿಡಿಸಿ.

ದೋಣಿ ಓಡುವಾಗ ಒಂದು ಕಡೆಗೆ ಮಾತ್ರ ಎಳೆಯುತ್ತಿದ್ದರೆ ಗ್ರೀಸ್‌ನಿಂದ ಪ್ರಯೋಜನವಿಲ್ಲ. ನೀರೊಳಗೆ ತಿರುಗುವ ಫ್ಯಾನಿನ (ಪ್ರೊಪೆಲ್ಲರ್) ಮೇಲ್ಗಡೆ, ಹಿಂಭಾಗದಲ್ಲಿ ರೆಕ್ಕೆಯಂಥ ಸಣ್ಣ ಲೋಹದ ತುಂಡು ಇದ್ದರೆ ಅದರ ಬೋಲ್ಟ್ ಸಡಿಲಿಸಿ, ಎಳೆಯುವ ಕಡೆಗೇ ಅದರ ಹಿಂತುದಿಯನ್ನು ಸ್ವಲ್ಪ ತಿರುಗಿಸಿ ಬಿಗಿಮಾಡಿ ಓಡಿಸಿ ನೋಡಿ. ಅದಕ್ಕೆ ಬಣ್ಣ ಬಳಿಯಬೇಡಿ. ಹೆಚ್ಚಿನ ಎಂಜಿನ್‌ಗಳಲ್ಲಿ ಆ ತುಂಡು ತಾನು ಸವೆದು ಉಳಿದ ಲೋಹವನ್ನು ಉಪ್ಪು ನೀರಿನಿಂದ ಕಾಪಾಡುತ್ತದೆ.